ಗಿರಣಿಯ ನೆಲ, ಆಟದ ಬಯಲು

ಏಳನೆಯ ಇಯತ್ತೆಯ ಭೂಗೋಳದ ತಾಸಿನಲ್ಲಿ ನಾವು ಒಮ್ಮೆ ಒಂದು ಸುಲಭವಾದ ಪ್ರಶ್ನೆಯನ್ನು ಕೇಳಿದೆವು: ‘ನಿಮ್ಮ ಮನೆಯಿಂದ ನಡೆದು ಹೋಗಬಹುದಾದ, ಚೆಂಡಾಡಲು ಬರುವಂಥ ಬಯಲು ಯಾವುದು?’ ಒಬ್ಬನು ಚಾಳಿನ ಗಚ್ಚಿಯೆಂದನು. ಒಬ್ಬಳು ದೇವಸ್ಥಾನದ ಮುಂದಿನ ಗಲ್ಲಿಯೆಂದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು, ‘ಸರ್, ನಮ್ಮ ಚಾಳಿನ ಎದುರಿಗೆ ಗಿರಣಿಯ ಗೋಡೆಯಿದೆ. ಗೋಡೆಯ ಆಚೆ ದೊಡ್ಡ ಬಯಲಿದೆ. ನಮ್ಮ ಅಜ್ಜ ಅಲ್ಲಿಯೇ ಕೆಲಸಕ್ಕಿದ್ದರು. ಆದರೆ ಒಳಗೆ ಬಿಡುವುದಿಲ್ಲ’ ಎಂದನು. ತರಗತಿಯೆಲ್ಲ ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ. ಆ ಗೋಡೆಯ ಆಚೆಯ ನೆಲದ ಕಥೆಯೇ ಇಂದಿನ ನಮ್ಮ ಪಾಠ.

ಮುಂಬಯಿಯ ಮೊದಲ ಹತ್ತಿಯ ಗಿರಣಿಯನ್ನು ಕಾವಸಜಿ ನಾನಾಭಾಯಿ ದಾವರ ಎಂಬ ಪಾರಸಿ ವರ್ತಕರು ೧೮೫೪ರಲ್ಲಿ ತಾಡದೇವದಲ್ಲಿ ಸ್ಥಾಪಿಸಿದರು. ಎರಡು ವರ್ಷಗಳ ತರುವಾಯ ಅಲ್ಲಿ ನೂಲು ತೆಗೆಯುವ ಕೆಲಸ ಆರಂಭವಾಯಿತು. ಅಂದಿನಿಂದ ಭಾಯಖಳಾ, ಲಾಲಬಾಗ, ಪರಳ, ವರಳಿ, ಶಿವಡಿಗಳ ಉದ್ದಕ್ಕೂ ಗಿರಣಿಗಳ ಕೊಳವೆಗಳು ಒಂದರ ಬಳಿ ಒಂದು ಎದ್ದವು. ಆ ಸೀಮೆಗೆ ‘ಗಿರಣಗಾಂವ’ ಎಂಬ ಹೆಸರೇ ಬಿದ್ದಿತು. ಪಾಳಿಯ ಭೋಂಗಾ ಕೂಗಿದರೆ ಊರಿಗೆ ಊರೇ ಎದ್ದು ಹೊರಡುತ್ತಿತ್ತು. ಗಿರಣಿಯೆಂದರೆ ಮಗ್ಗಗಳ ಶೆಡ್ಡು ಮಾತ್ರವೆಂದು ತಿಳಿಯಬೇಡಿರಿ. ಬಾಯ್ಲರಿಗೆ ನೀರು ಬೇಕಾಗಿದ್ದುದರಿಂದ ಕೆರೆಗಳಿದ್ದವು. ಹತ್ತಿಯ ಅಂಡಿಗೆಗಳನ್ನು ಇಳಿಸಲು ಅಂಗಳಗಳಿದ್ದವು. ಗೋಡೆಯ ಒಳಗೆ ಆಲ, ಮಾವು, ಹುಣಿಸೆಯ ಮರಗಳಿದ್ದವು. ಹೀಗೆ ನಗರದ ಮಧ್ಯಭಾಗದಲ್ಲಿ ಐವತ್ತೆಂಟು ಗಿರಣಿಗಳು ಸುಮಾರು ೬೦೦ ಎಕರೆ ನೆಲವನ್ನು ಹಿಡಿದುಕೊಂಡಿದ್ದವು.

೧೯೮೨ರ ಜನವರಿ ೧೮ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದರ ಕಾರಣ ಪರಿಣಾಮಗಳು ಬೇರೊಂದು ಪಾಠಕ್ಕೆ ಸಾಕಾಗುವಷ್ಟಿವೆ. ಇಲ್ಲಿ ಇಷ್ಟು ಹೇಳಿದರೆ ಸಾಕು: ಮುಷ್ಕರದ ತರುವಾಯ ಗಿರಣಿಗಳು ಚೇತರಿಸಿಕೊಳ್ಳಲಿಲ್ಲ, ಒಂದೊಂದಾಗಿ ಬಾಗಿಲು ಹಾಕಿದವು. ಬಟ್ಟೆಯ ಬೆಲೆ ಇಳಿಯಿತು, ನೆಲದ ಬೆಲೆ ಏರಿತು. ಇಷ್ಟು ದಿನ ನೂಲು ತೆಗೆದ ನೆಲವನ್ನು ಇನ್ನು ಯಾವ ಕೆಲಸಕ್ಕೆ ಹಚ್ಚಬೇಕು ಎಂಬ ಪ್ರಶ್ನೆ ಆಗ ಹುಟ್ಟಿತು.

ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಯಾರಿಗಿದೆ? ನೆಲದ ಒಡೆಯನಿಗೆ ಮಾತ್ರವೇ? ಅಲ್ಲ. ಪ್ರತಿಯೊಂದು ದೊಡ್ಡ ನಗರಕ್ಕೂ ಒಂದು ಅಭಿವೃದ್ಧಿ ಯೋಜನೆ ಇರುತ್ತದೆ. ಅದರ ನಕಾಶೆಯಲ್ಲಿ ನಗರದ ನೆಲವನ್ನೆಲ್ಲ ವಲಯಗಳಾಗಿ ವಿಂಗಡಿಸಿ ಬಣ್ಣ ಕೊಟ್ಟಿರುತ್ತಾರೆ. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನ ಮೈದಾನಗಳಿಗೆ ಹಸಿರು ಎಂಬುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಡೆದುಬಂದ ರೂಢಿ. ನೇರಳೆ ಬಣ್ಣದ ನೆಲದಲ್ಲಿ ಮನೆ ಕಟ್ಟಬೇಕಾದರೂ ತೋಟ ಮಾಡಬೇಕಾದರೂ ಮೊದಲು ಆ ಬಣ್ಣ ಬದಲಾಗಬೇಕು. ಬಣ್ಣ ಬದಲಿಸುವ ಈ ಕಾರ್ಯವನ್ನು ವಲಯ ಪರಿವರ್ತನೆ ಎನ್ನುತ್ತಾರೆ. ನಕಾಶೆಯ ಮೇಲೆ ಅದು ಕುಂಚದ ಒಂದು ಎಳೆತ. ನೆಲದ ಮೇಲೆ ನೂರು ವರ್ಷದ ಮಾತು. ಗಿರಣಿಯ ನೆಲ ಒಮ್ಮೆ ಹಳದಿಯೋ ನೀಲಿಯೋ ಆಗಿ, ಅದರ ಮೇಲೆ ನಲವತ್ತು ಅಂತಸ್ತಿನ ಮನೆ ನಿಂತ ಬಳಿಕ ಅದನ್ನು ಮತ್ತೆ ಹಸಿರು ಮಾಡಬಲ್ಲವರು ಯಾರು?

ಹಸಿರಿನ ಅವಶ್ಯಕತೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಹೊಸ ನಗರಗಳನ್ನು ಯೋಜಿಸುವವರು ತಲೆಗೆ ಹತ್ತರಿಂದ ಹನ್ನೆರಡು ಚದರ ಮೀಟರು ತೆರೆದ ಬಯಲು ಇರಬೇಕೆಂದು ಕೇಂದ್ರ ಸರಕಾರದ ೨೦೧೪ರ ಮಾರ್ಗಸೂಚಿ ಹೇಳುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಚಾಳಿನ ಖೋಲಿ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. ಅಂದರೆ ಒಬ್ಬೊಬ್ಬರಿಗೆ ಒಂದೊಂದು ಖೋಲಿಯಷ್ಟು ಬಯಲು. ಮುಂಬಯಿಯಲ್ಲಿ ಜನರ ಉಪಯೋಗಕ್ಕೆ ದೊರೆಯುವ ಬಯಲು ತಲೆಗೆ ಒಂದೂಕಾಲು ಚದರ ಮೀಟರಿನ ಆಸುಪಾಸು ಎಂಬುದು ಬಳಕೆಯಲ್ಲಿರುವ ಲೆಕ್ಕ. ನಮ್ಮ ಪಾಲಿಗೆ ಖೋಲಿಯಲ್ಲ, ಒಂದು ಚಾಪೆಯಷ್ಟೂ ಬರಲಿಲ್ಲ. ನಮ್ಮ ಶಾಲೆಯ ವಾರ್ಷಿಕ ಕ್ರೀಡಾಕೂಟಕ್ಕೆ ಪರರ ಮೈದಾನವನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆಯುವ ಕಾರಣ ನಿಮಗೆ ಈಗ ತಿಳಿದಿರಬೇಕು. ಬಯಲುಸೀಮೆಯ ಹಳ್ಳಿಯಲ್ಲಿ ಓದಿದ ನಮಗೆ ಬಯಲನ್ನು ಬೇಡಿ ಪಡೆಯಬೇಕೆಂಬುದು ಈ ನಗರಕ್ಕೆ ಬರುವವರೆಗೆ ಗೊತ್ತೇ ಇರಲಿಲ್ಲ. ಅಲ್ಲಿ ಶಾಲೆಗೆ ಗೋಡೆ ಇರಲಿಲ್ಲ, ಆಟಕ್ಕೆ ಮೇರೆ ಇರಲಿಲ್ಲ.

೧೯೯೧ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ ಐವತ್ತೆಂಟನೆಯದು ಗಿರಣಿಗಳ ನೆಲಕ್ಕೆ ಸಂಬಂಧಿಸಿದ್ದು. ಗಿರಣಿಗಳು ಐವತ್ತೆಂಟು, ನಿಯಮದ ಅಂಕಿಯೂ ಐವತ್ತೆಂಟು. ಇದು ಆಕಸ್ಮಿಕವೇ ಸರಿ, ಆದರೆ ಪರೀಕ್ಷೆಯ ಹೊತ್ತಿಗೆ ನೆನಪಿಡಲು ಅನುಕೂಲ. ಗಿರಣಿಯ ನೆಲವನ್ನು ಬೇರೆ ಕೆಲಸಕ್ಕೆ ತೆರೆದರೆ ಅದರ ಮೂರನೆಯ ಒಂದು ಪಾಲು ಉದ್ಯಾನ, ಮೈದಾನಗಳಿಗಾಗಿ ನಗರಪಾಲಿಕೆಗೆ. ಒಂದು ಪಾಲು ಸಾಮಾನ್ಯರ ಮನೆಗಳಿಗಾಗಿ ಮ್ಹಾಡಾ ಸಂಸ್ಥೆಗೆ. ಉಳಿದದ್ದು ಒಡೆಯನಿಗೆ ಎಂದು ಆ ನಿಯಮ ಹೇಳಿತು. ನೆಲದ ವಿಸ್ತಾರಕ್ಕೆ ತಕ್ಕಂತೆ ಕೊನೆಯ ಎರಡು ಪಾಲುಗಳಲ್ಲಿ ಹೆಚ್ಚುಕಡಿಮೆ ಇತ್ತು. ಬಯಲಿನ ಪಾಲು ಮಾತ್ರ ಎಲ್ಲೆಡೆ ನೂರಕ್ಕೆ ಮೂವತ್ತಮೂರು. ನಮ್ಮ ಅಭಿಪ್ರಾಯದಲ್ಲಿ ಇಷ್ಟು ನ್ಯಾಯವಾದ ಹಂಚಿಕೆಯನ್ನು ಈ ನಗರವು ಬರೆದದ್ದು ಅಪರೂಪ.

೬೦೦ ಎಕರೆಯ ಮೂರನೆಯ ಒಂದು ಪಾಲೆಂದರೆ ೨೦೦ ಎಕರೆ. ಎಕರೆಗೆ ೪,೦೪೭ ಚದರ ಮೀಟರಿನಂತೆ ಎಂಟು ಲಕ್ಷ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚಾಯಿತು. ೨೦೧೧ರ ಜನಗಣತಿಯಂತೆ ಬೃಹನ್ಮುಂಬಯಿಯ ಜನಸಂಖ್ಯೆ ಸುಮಾರು ೧ ಕೋಟಿ ೨೪ ಲಕ್ಷ. ಭಾಗಿಸಿ ನೋಡಿದರೆ ತಲೆಗೆ ಒಂದು ಪಾಟಿಯಷ್ಟು ನೆಲ. ‘ಇಷ್ಟೇ ಏನು?’ ಎಂದು ಕೇಳುವಿರಿ. ಆದರೆ ಮೈದಾನಕ್ಕೆ ಯಾರೂ ಬೋರಿವಲಿಯಿಂದ ಪರಳಕ್ಕೆ ಬರುವುದಿಲ್ಲ. ಲಾಲಬಾಗ, ಪರಳ, ವರಳಿಗಳ ಸುತ್ತಿನ ಏಳೆಂಟು ಲಕ್ಷ ಜನರಿಗೆ ಅದೇ ನೆಲವನ್ನು ಹಂಚಿದರೆ ತಲೆಗೆ ಒಂದು ಚದರ ಮೀಟರಾಗುತ್ತದೆ. ಒಂದೂಕಾಲಿದ್ದುದು ಎರಡು ಮೀರುತ್ತಿತ್ತು. ಪಾಟಿಯು ಚಾಪೆಯಾಗುತ್ತಿತ್ತು.

ಆಗಲಿಲ್ಲವೇಕೆ? ನಿಯಮದಲ್ಲಿ ಒಂದು ಕಿಂಡಿ ಇತ್ತು. ಹಳೆಯ ಕಟ್ಟಡವನ್ನು ಕೆಡವಿ ನೆಲವನ್ನು ತೆರೆದಾಗ ಮಾತ್ರ ಪಾಲು ಕೊಡಬೇಕಾಗಿತ್ತು. ಆದುದರಿಂದ ಕೆಲವೆಡೆ ಶೆಡ್ಡುಗಳನ್ನು ಹಾಗೆಯೇ ಇಟ್ಟುಕೊಂಡು ಒಳಗಿನ ಬಳಕೆಯನ್ನಷ್ಟೇ ಬದಲಿಸಿದರು. ಮಗ್ಗವಿದ್ದಲ್ಲಿ ಕಚೇರಿ ಬಂದಿತು, ಉಗ್ರಾಣವಿದ್ದಲ್ಲಿ ಅಂಗಡಿ ಬಂದಿತು. ಗೋಡೆ ನಿಂತೇ ಇತ್ತು, ಪಾಲು ಬರಲಿಲ್ಲ. ಇದರಿಂದ ಗಿರಣಿಗಳ ಪುನರ್ವಿಕಾಸ ನಿಂತುಹೋಗಿದೆ, ಕಾರ್ಮಿಕರ ಬಾಕಿಯೂ ಸಲ್ಲುತ್ತಿಲ್ಲ ಎಂಬ ಕಾರಣವನ್ನು ಮುಂದೊಡ್ಡಿ ಸರಕಾರವು ೨೦೦೧ರಲ್ಲಿ ನಿಯಮವನ್ನು ತಿದ್ದಿತು. ಇನ್ನು ಮೇಲೆ ಪಾಲು ಮಾಡಬೇಕಾದದ್ದು ಗಿರಣಿಯ ಎಲ್ಲ ನೆಲವನ್ನಲ್ಲ, ಅದರೊಳಗಿನ ‘ಖಾಲಿ ನೆಲ’ವನ್ನು ಮಾತ್ರ ಎಂದಾಯಿತು.

ನಾವು ಭಾಷೆಯನ್ನು ಕಲಿಸುವವರು. ಆದುದರಿಂದ ಈ ‘ಖಾಲಿ’ ಎಂಬ ಮಾತಿನ ಹತ್ತಿರ ತುಸು ನಿಲ್ಲುತ್ತೇವೆ. ಹದಿನೈದು ಎಕರೆಯ ಒಂದು ಗಿರಣಿಯನ್ನು ಊಹಿಸಿಕೊಳ್ಳಿರಿ. ಹನ್ನೆರಡು ಎಕರೆಯಲ್ಲಿ ಶೆಡ್ಡುಗಳು, ಮೂರು ಎಕರೆಯಲ್ಲಿ ಅಂಗಳ. ಮಾಲಿಕನು ಶೆಡ್ಡುಗಳನ್ನೆಲ್ಲ ಕೆಡವಿದನು. ಈಗ ಖಾಲಿ ನೆಲ ಎಷ್ಟು? ನಿಮ್ಮಲ್ಲಿ ಯಾರನ್ನು ಕೇಳಿದರೂ ‘ಹದಿನೈದು ಎಕರೆ’ ಎನ್ನುವಿರಿ. ಕಣ್ಣಿಗೆ ಕಾಣುವುದೂ ಅಷ್ಟೇ. ಹಾಗೆಂದರೆ ನಗರಕ್ಕೆ ಐದು ಎಕರೆ ಬಯಲು. ಆದರೆ ‘ಖಾಲಿ’ ಎಂದರೆ ಕೆಡಹುವ ಮೊದಲೇ ಖಾಲಿ ಇದ್ದ ನೆಲ ಎಂದು ಅರ್ಥ ಮಾಡಿದರೆ ಲೆಕ್ಕಕ್ಕೆ ಬರುವುದು ಮೂರೇ ಎಕರೆ; ನಗರಕ್ಕೆ ಸಿಗುವುದು ಒಂದು. ಒಂದು ಶಬ್ದದ ಎರಡು ಅರ್ಥಗಳ ನಡುವೆ ನಾಲ್ಕು ಎಕರೆ, ಎಂದರೆ ನೂರ ಅರವತ್ತು ಗುಂಟೆ ನೆಲ ಬಿದ್ದುಹೋಗುತ್ತದೆ. ವ್ಯಾಕರಣದ ತಾಸಿನಲ್ಲಿ ಶಬ್ದಾರ್ಥಕ್ಕೆ ನಾವು ಇಷ್ಟು ಹಟ ಹಿಡಿಯುವುದೇಕೆಂದು ಬೇಸರಪಡುವ ಮಿತ್ರರು ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಬೇಕು.

ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ಸಂಸ್ಥೆ ಈ ತಿದ್ದುಪಡಿಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. ೨೦೦೫ರ ಅಕ್ಟೋಬರಿನಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು, ಕಟ್ಟಡ ಕೆಡವಿದ ಮೇಲೆ ತೆರೆದುಕೊಳ್ಳುವ ನೆಲವೂ ಖಾಲಿ ನೆಲವೇ ಎಂದು ಮೊದಲನೆಯ ಅರ್ಥವನ್ನು ಎತ್ತಿಹಿಡಿಯಿತು. ೨೦೦೬ರ ಮಾರ್ಚ್ ೭ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ ಎರಡನೆಯ ಅರ್ಥವನ್ನು ಒಪ್ಪಿತು. ಅಲ್ಲಿಗೆ ವಾದ ಮುಗಿಯಿತು. ನ್ಯಾಯಾಲಯವು ನೋಡುವುದು ಸರಕಾರ ಬರೆದ ನಿಯಮ ಕಾನೂನಿಗೆ ಒಪ್ಪುತ್ತದೆಯೇ ಎಂಬುದನ್ನು. ಊರಿಗೆ ಅದರಿಂದ ಒಳಿತಾಗುತ್ತದೆಯೇ ಎಂಬುದನ್ನು ನಿಯಮ ಬರೆಯುವಾಗಲೇ ನೋಡಬೇಕಾಗಿತ್ತು.

ನೋಡಿದವರು ಇರಲಿಲ್ಲವೆಂದಲ್ಲ. ೧೯೯೬ರಲ್ಲಿ ಸರಕಾರವು ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತ್ತು. ರಾಷ್ಟ್ರೀಯ ಜವಳಿ ನಿಗಮದ ಕೈಯಲ್ಲಿದ್ದ ಇಪ್ಪತ್ತೈದು ಗಿರಣಿಗಳ ನೆಲವನ್ನು ಆ ಸಮಿತಿ ಅಭ್ಯಸಿಸಿತು. ಒಂದೊಂದು ಗಿರಣಿಯಲ್ಲಿ ಒಂದೊಂದು ಚೂರು ಹಸಿರನ್ನು ಬಿಡಿಸಿಕೊಳ್ಳುವುದಕ್ಕಿಂತ ಅಕ್ಕಪಕ್ಕದ ನೆಲಗಳನ್ನು ಒಟ್ಟಿಗೆ ಹಾಕಿ ಯೋಚಿಸಿದರೆ ದೊಡ್ಡ ಬಯಲು ಒಂದೆಡೆ ದೊರೆಯುತ್ತದೆ, ದಾರಿಗಳೂ ಅಗಲವಾಗುತ್ತವೆ ಎಂಬುದು ಅದರ ಆಲೋಚನೆಯ ತಿರುಳು. ಗೃಹಿಣಿಯು ಹರಿದ ಅರಿವೆಗಳಿಂದ ಕೌದಿ ಹೊಲಿಯುವಾಗ ಮಾಡುವುದೂ ಇದನ್ನೇ. ಆದರೆ ನೆಲವು ಚೂರು ಚೂರಾಗಿಯೇ ಮಾರಾಟವಾಯಿತು.

ಪರಿಣಾಮವನ್ನು ನೀವು ದಿನವೂ ಕಾಣುತ್ತೀರಿ. ಗಿರಣಿಯ ಕಾರ್ಮಿಕನು ಹತ್ತಿರದ ಚಾಳಿನಿಂದ ನಡೆದು ಕೆಲಸಕ್ಕೆ ಬರುತ್ತಿದ್ದನು. ಗಿರಣಿಯ ಜಾಗದಲ್ಲಿ ಎದ್ದ ಕಚೇರಿಗಳಿಗೆ ಬರುವವರು ದೂರದ ಉಪನಗರಗಳಿಂದ ಲೋಕಲ್ ಗಾಡಿಯಲ್ಲಿ ಬರುತ್ತಾರೆ. ನಿಲ್ದಾಣವೂ ಅದರ ಸೇತುವೆಯೂ ಹಳೆಯ ಕಾಲದವು. ೨೦೧೭ರ ಸೆಪ್ಟೆಂಬರ್ ೨೯ರ ಮುಂಜಾನೆ ಮಳೆ ಸುರಿಯುತ್ತಿದ್ದಾಗ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ, ಈಗಿನ ಪ್ರಭಾದೇವಿಯ, ಪಾದಚಾರಿ ಸೇತುವೆಯ ಮೇಲೆ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಾವು ಆ ವಾರ ತರಗತಿಯಲ್ಲಿ ಪಾಠ ಮಾಡಲಾರದೆ ಹೋದೆವು. ಸೇತುವೆಯ ಕಿರಿದುತನವನ್ನು ಎಲ್ಲರೂ ಬಣ್ಣಿಸಿದರು. ಸುತ್ತಲಿನ ನೆಲದ ಬಣ್ಣ ಬದಲಾದುದನ್ನು ನೆನೆದವರು ಕಡಿಮೆ. ಕಾರ್ಮಿಕರ ಮನೆಗಳ ಮಾತೂ ಹೀಗೆಯೇ. ಅವರಿಗಾಗಿ ಮ್ಹಾಡಾದ ಮೂಲಕ ಚೀಟಿ ಎತ್ತಿ ಮನೆ ಕೊಡುವ ಕೆಲಸ ೨೦೧೨ರಿಂದ ನಡೆದಿದೆಯಾದರೂ ಅರ್ಜಿ ಹಾಕಿದ ಕುಟುಂಬಗಳು ಲಕ್ಷವನ್ನು ಮೀರಿವೆ, ಮನೆ ದೊರೆತವುಗಳು ಅದರ ಅಲ್ಪಾಂಶ.

ಇಷ್ಟರಿಂದ ಮುಂಬಯಿಗೆ ಬಯಲು ಮಾಡಲು ಬಾರದೆಂದು ತಿಳಿಯಬಾರದು. ೧೮೯೬ರ ಪ್ಲೇಗಿನ ತರುವಾಯ ೧೮೯೮ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ದಾದರ, ಮಾಟುಂಗಾಗಳನ್ನು ಯೋಜಿಸಿದಾಗ ಮನೆಗಳಿಗಿಂತ ಮೊದಲೇ ರಸ್ತೆ, ತೋಟಗಳ ಗೆರೆ ಎಳೆಯಿತು. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗೆ ಹೋಗುತ್ತಿದ್ದ ನಮ್ಮವರು ಎಷ್ಟೋ ಮಂದಿ ಆ ತೋಟಗಳ ದೀಪದ ಕೆಳಗೆ ಕುಳಿತು ಓದಿದವರು. ಇನ್ನೂ ಹತ್ತಿರದ ಉದಾಹರಣೆ ಧಾರಾವಿಯ ಬದಿಯಲ್ಲಿ, ಮಿಠೀ ನದಿಯ ದಂಡೆಯಲ್ಲಿದೆ. ಇಂದಿನ ಮಹಾರಾಷ್ಟ್ರ ನಿಸರ್ಗೋದ್ಯಾನದ ೩೭ ಎಕರೆ ನೆಲ ೧೯೭೭ರವರೆಗೆ ನಗರದ ಕಸ ಸುರಿಯುವ ತಿಪ್ಪೆಯಾಗಿತ್ತು. ೧೯೮೩ರ ಜೂನ್ ೫ರಂದು ಪಕ್ಷಿತಜ್ಞ ಸಲೀಂ ಅಲಿಯವರು ಅಲ್ಲಿ ಗಿಡ ನೆಟ್ಟರು. ೧೯೯೪ರಲ್ಲಿ ಉದ್ಯಾನವು ಜನರಿಗೆ ತೆರೆಯಿತು. ಹನ್ನೊಂದು ವರ್ಷ ಕಾದರು ಎಂಬುದನ್ನು ಗಮನಿಸಿರಿ. ಕೆಟ್ಟ ನೆಲವು ಬಣ್ಣ ಬದಲಿಸಿದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಗಿರಣಿಯ ನೆಲದಲ್ಲಿಯೂ ಬಣ್ಣದ ಕೆರೆಗಳ ರಸಾಯನ, ಯಂತ್ರದ ಎಣ್ಣೆ, ಬಾಯ್ಲರಿನ ಬೂದಿ ಇಳಿದಿರಬಹುದು. ಮಕ್ಕಳು ಮಣ್ಣಿನಲ್ಲಿ ಆಡುವ ಮೊದಲು ಆ ಮಣ್ಣನ್ನು ಪರೀಕ್ಷಿಸಬೇಕು. ಅಗತ್ಯವಿದ್ದಲ್ಲಿ ಮೇಲ್ಪದರವನ್ನು ತೆಗೆದು ಹೊಸ ಮಣ್ಣು ಹಾಕಬೇಕು.

ಇನ್ನು ಉಳಿದದ್ದು ಪೂರ್ವ ತೀರ. ಬಂದರಿನ ಆಡಳಿತದ ಕೈಯಲ್ಲಿ ಶಿವಡಿ, ವಡಾಳಾಗಳ ಕಡೆ ಗೋದಾಮುಗಳ ವಿಶಾಲವಾದ ನೆಲವಿದೆ. ಗಿರಣಿಗಳಂತೆಯೇ ಅಲ್ಲಿಯೂ ಹಳೆಯ ಕೆಲಸ ಕುಗ್ಗಿದೆ, ಹೊಸ ಬಣ್ಣದ ಮಾತು ನಡೆದಿದೆ. ಯೋಜನೆಯ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಗಳನ್ನೂ ಸೂಚನೆಗಳನ್ನೂ ಕರೆಯಬೇಕೆಂದು ಮಹಾರಾಷ್ಟ್ರದ ೧೯೬೬ರ ನಗರಯೋಜನಾ ಕಾಯಿದೆಯಲ್ಲಿಯೇ ಇದೆ. ೨೦೧೫ರಲ್ಲಿ ಇಡೀ ನಗರದ ಕರಡು ಯೋಜನೆ ಹೊರಬಂದಾಗ ಸಾವಿರಾರು ಆಕ್ಷೇಪಗಳು ಬಂದು, ಅದನ್ನು ಹಿಂದೆಗೆದುಕೊಂಡು ತಿದ್ದಿ ಬರೆಯಬೇಕಾಯಿತು. ೨೦೩೪ರವರೆಗಿನ ಈಗಿನ ಯೋಜನೆ ೨೦೧೮ರಲ್ಲಿ ಮಂಜೂರಾದದ್ದು ಆ ತರುವಾಯವೇ. ಅರ್ಜಿ ಬರೆಯಲು ಹದಿನೆಂಟು ತುಂಬಿರಬೇಕೆಂಬ ನಿಯಮವೇನೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ದೀಪಾವಳಿಯ ಸೂಟಿಯಲ್ಲಿ ಒಂದು ರವಿವಾರ ನಾವು ಲಾಲಬಾಗದಿಂದ ಕಾಳಾಚೌಕಿಯ ಮೇಲೆ ಹಾಯ್ದು ಶಿವಡಿಯ ಕೋಟೆಯವರೆಗೆ ನಡೆಯುವವರಿದ್ದೇವೆ. ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಗಿರಣಿಯ ಜಾಗವನ್ನು ನಗರಪಾಲಿಕೆ ಜವಳಿ ವಸ್ತುಸಂಗ್ರಹಾಲಯಕ್ಕೆಂದು ತೆಗೆದುಕೊಂಡಿದೆ. ಅದನ್ನು ಹೊರಗಿನಿಂದ ನೋಡೋಣ. ಹಿಂದಿನ ಬೆಂಚಿನ ಹುಡುಗನ ಅಜ್ಜನವರು ತಾವೂ ಬರುವೆನೆಂದು ಹೇಳಿ ಕಳಿಸಿದ್ದಾರೆ; ಅವರ ಕಾಲುನೋವಿನ ಕಾರಣ ನಡಿಗೆ ನಿಧಾನವಾದೀತು. ಬರುವವರು ಒಂದು ಅಳತೆಯ ಪಟ್ಟಿ, ಒಂದು ವಹಿ, ನೀರಿನ ಬಾಟಲಿ ತರಬೇಕು. ದಾರಿಯಲ್ಲಿ ಕಾಣುವ ಪ್ರತಿಯೊಂದು ಬಯಲಿನ ಮುಂದೆ ಮೂರು ಸಂಗತಿಗಳನ್ನು ಬರೆದುಕೊಳ್ಳೋಣ: ಉದ್ದ ಅಗಲ ಎಷ್ಟು, ನಕಾಶೆಯಲ್ಲಿ ಅದರ ಬಣ್ಣ ಯಾವುದು, ಬಾಗಿಲು ತೆರೆದಿದೆಯೋ ಇಲ್ಲವೋ.