ಅಂಕಪಟ್ಟಿಯಲ್ಲಿ ಉಳಿದುಹೋದ ಒಂದು ಸೊನ್ನೆ

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ, ಒಂಬತ್ತನೇ ತರಗತಿಯ 42 ಮಕ್ಕಳ ವಿಜ್ಞಾನದ ಅಂಕಗಳನ್ನು 50ರಿಂದ 15ಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕ್ಯಾಲ್ಕುಲೇಟರ್ ಬಿಟ್ಟು ಎಕ್ಸೆಲ್ ತೆರೆದೆ. ಎಫ್1 ಸೆಲ್‌ನಲ್ಲಿ 0.3 ಇಟ್ಟು, ಸಿ2ರಲ್ಲಿ =ಬಿ2*ಎಫ್1 ಬರೆದು ಕೆಳಗೆ ಎಳೆದೆ. ಮೊದಲ ವಿದ್ಯಾರ್ಥಿಯ ನಂತರ ಎಲ್ಲರಿಗೂ ಸೊನ್ನೆ! ಎಳೆದಂತೆಲ್ಲ ಎಫ್1 ಕೂಡ ಎಫ್2, ಎಫ್3 ಎಂದು ಸರಿದಿತ್ತು. $ಎಫ್$1 ಎಂದು ತಿದ್ದಿದೆ.

ಆದರೂ ಒಬ್ಬಳ ಸೊನ್ನೆ ಹೋಗಲಿಲ್ಲ. ಅವಳು ಜ್ವರದಿಂದ ಪರೀಕ್ಷೆಗೇ ಬಂದಿರಲಿಲ್ಲ. ಗುಣಾಕಾರದಲ್ಲಿ ಖಾಲಿ ಸೆಲ್ ಸೊನ್ನೆಯಾಗುತ್ತದೆ. ಇಫ್ ಸೂತ್ರ ಸೇರಿಸಿ, ಖಾಲಿಯಿದ್ದರೆ ‘ಗೈರು’ ಎಂದು ಬರುವಂತೆ ಮಾಡಿದೆ. ತರಗತಿಯ ಸರಾಸರಿಯೂ ಸರಿಹೋಯಿತು.

ಕಲಿತದ್ದು: ಸೂತ್ರ ಎಳೆದ ಮೇಲೆ ಮೂರು ಸಾಲುಗಳನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ನೋಡಬೇಕು. ಉಳಿಸಿದ ಸಮಯದಲ್ಲಿ ಅವಳಿಗೆ ಮರುಪರೀಕ್ಷೆ ಕೊಟ್ಟೆ.