ಪರದೇಶದ ಔಷಧ: ಅಂಚೆಯ ಕಟ್ಟು ಮತ್ತು ಕಾಯದೆಯ ಕಟ್ಟಳೆ

ಔಷಧವು ಮಾರುಕಟ್ಟೆಯಲ್ಲಿ ದೊರೆಯುವ ವಸ್ತುವಾದರೂ ಇತರ ವಸ್ತುಗಳಂತಲ್ಲ. ಬನಹಟ್ಟಿಯ ಸೀರೆಯನ್ನು ಯಾರು ಕೊಂಡರೂ ಉಡಬಹುದು. ಮುಧೋಳದ ಬೆಲ್ಲವನ್ನು ಯಾರಿಗೆ ಕೊಟ್ಟರೂ ಅದು ಬೆಲ್ಲವೇ. ಆದರೆ ಒಬ್ಬನ ಪ್ರಾಣವನ್ನು ಉಳಿಸುವ ಗುಳಿಗೆಯು ಇನ್ನೊಬ್ಬನಿಗೆ ವಿಷವಾಗಬಲ್ಲದು. ಆದ್ದರಿಂದಲೇ ಔಷಧದ ವಿಷಯದಲ್ಲಿ ಕಾಯದೆಯು ಬೆಲೆ ಎಷ್ಟೆಂದು ಕೇಳುವುದಕ್ಕಿಂತ ಮೊದಲು ಅದು ಯಾರದು, ಯಾರು ಬರೆದುಕೊಟ್ಟದ್ದು, ಎಷ್ಟು ದಿನಕ್ಕೆ ಎಂದು ಕೇಳುತ್ತದೆ. ಹೊರದೇಶದಿಂದ ಅಂಚೆಯ ಮೂಲಕ ಔಷಧ ತರಿಸುವ ನಿಯಮಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಹೆಣೆದುಕೊಂಡಿವೆ.

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಅನೇಕ ಮನೆಗಳಿಗೆ ಈ ವಿಷಯ ದೂರದ್ದಲ್ಲ. ಇಲ್ಲಿಯ ಶಾಲೆಗಳಲ್ಲಿ ಓದಿದ ಮಕ್ಕಳು ಅಮೆರಿಕ, ಇಂಗ್ಲೆಂಡ್, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದಾರೆ. ತಾಯಿಗೆ ಬೇನೆಯೆಂದು ತಿಳಿದೊಡನೆ ಮಗನು ಅಲ್ಲಿಂದ ಔಷಧದ ಕಟ್ಟನ್ನು ಕಳಿಸುತ್ತಾನೆ. ಪ್ರೀತಿಯಿಂದ ಕಳಿಸಿದ ಆ ಕಟ್ಟು ನಡುದಾರಿಯಲ್ಲಿ ಕಸ್ಟಮ್ಸ್ ಅಧಿಕಾರಿಗಳ ಕೈಯಲ್ಲಿ ನಿಂತುಬಿಟ್ಟಾಗ ಮನೆಯವರಿಗೆ ಕಾರಣ ತಿಳಿಯುವುದಿಲ್ಲ. ಕಾರಣವನ್ನು ಮೊದಲೇ ತಿಳಿದಿದ್ದರೆ ಬಹುತೇಕ ಕಟ್ಟುಗಳು ನಿಲ್ಲಬೇಕಾದುದೇ ಇಲ್ಲ.

ಕಾಯದೆಯ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಮಾರಾಟವಾಗುತ್ತಿದ್ದ ಆಧುನಿಕ ಔಷಧಗಳಲ್ಲಿ ಹೆಚ್ಚಿನವು ಹೊರದೇಶದಿಂದ ಹಡಗಿನಲ್ಲಿ ಬರುತ್ತಿದ್ದವು. ಅವುಗಳಲ್ಲಿ ಕಲಬೆರಕೆಯ ಹಾಗೂ ಸತ್ವಹೀನ ಔಷಧಗಳೂ ಸೇರಿಕೊಂಡಿದ್ದವು. ಮಲೇರಿಯಾ ಜ್ವರಕ್ಕೆ ಕೊಡುವ ಕ್ವಿನೈನಿನಂಥ ಔಷಧದಲ್ಲಿಯೇ ಮೋಸ ನಡೆದರೆ ರೋಗಿಯ ಗತಿ ಏನಾದೀತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1930ರಲ್ಲಿ ಸರ್ಕಾರವು ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. 1931ರಲ್ಲಿ ಸಮಿತಿಯು ವರದಿಯನ್ನೊಪ್ಪಿಸಿತು. ಅದರ ಫಲವಾಗಿ 1940ರ ಔಷಧ ಕಾಯದೆಯೂ 1945ರ ಔಷಧ ನಿಯಮಗಳೂ ರೂಪುಗೊಂಡವು. ಆ ಕಾಲಕ್ಕೆ ಜಮಖಂಡಿ ಮತ್ತು ಮುಧೋಳ ಪ್ರತ್ಯೇಕ ಸಂಸ್ಥಾನಗಳಾಗಿದ್ದವು. ಬೀಳಗಿಯು ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಗೆ ಸೇರಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಬಳಿಕ ಈ ಭಾಗವೆಲ್ಲ ಒಂದೇ ಆಡಳಿತದ ಕೆಳಗೆ ಬಂದಿತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಪ್ರದೇಶವು 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ.

ಈ ಕಾಯದೆಯ 10ನೆಯ ಕಲಮು ಕಳಪೆ, ನಕಲಿ ಹಾಗೂ ತಪ್ಪು ಹೆಸರಿನ ಔಷಧಗಳ ಆಮದನ್ನು ನಿಷೇಧಿಸುತ್ತದೆ. ಲೈಸೆನ್ಸ್ ಅಗತ್ಯವಿರುವ ಔಷಧವನ್ನು ಲೈಸೆನ್ಸ್ ಇಲ್ಲದೆ ತರುವುದನ್ನೂ ತಡೆಯುತ್ತದೆ. ಆದರೆ ವ್ಯಾಪಾರಿಗೆ ಹಾಕಿದ ಬೇಲಿಯು ರೋಗಿಯ ದಾರಿಗೆ ಅಡ್ಡವಾಗಬಾರದಷ್ಟೆ. ಆದ್ದರಿಂದ 1945ರ ನಿಯಮಗಳಲ್ಲಿ 36ನೆಯ ನಿಯಮವು ಸ್ವಂತ ಬಳಕೆಯ ಔಷಧಕ್ಕೆ ಬೇರೆಯೇ ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲಿನ ಒಳಗೆ ಎರಡು ದಾರಿಗಳಿವೆ.

ಎರಡು ದಾರಿಗಳು

ಮೊದಲನೆಯದು ಪ್ರಯಾಣಿಕನ ದಾರಿ. ಹೊರದೇಶದಿಂದ ಬರುವವನು ತನ್ನ ಸಾಮಾನಿನೊಂದಿಗೆ ಔಷಧವನ್ನು ತರಬಹುದು. ಇದಕ್ಕೆ ಮೂರು ನಿಬಂಧನೆಗಳಿವೆ. ಔಷಧವು ಆತನದೇ ಆಗಿದ್ದು ಆತನ ಸ್ವಂತ ಬಳಕೆಗೇ ಮೀಸಲಾಗಿರಬೇಕು. ಕಸ್ಟಮ್ಸ್ ಅಧಿಕಾರಿಗಳು ಕೇಳಿದರೆ ಅದನ್ನು ಘೋಷಿಸಬೇಕು. ಯಾವುದೇ ಒಂದು ಔಷಧದ ಪ್ರಮಾಣ ನೂರು ಸರಾಸರಿ ಡೋಸುಗಳನ್ನು ಮೀರಿರಬಾರದು. ಒಂದು ಹೊತ್ತಿಗೆ ಒಂದು ಗುಳಿಗೆಯಂತೆ ದಿನಕ್ಕೆರಡು ಹೊತ್ತು ಸೇವಿಸುವವನಿಗೆ ನೂರು ಡೋಸು ಎಂದರೆ ಐವತ್ತು ದಿನಗಳ ಔಷಧವಾಯಿತು. ವಿಶೇಷ ಸಂದರ್ಭದಲ್ಲಿ ಇದಕ್ಕೂ ಹೆಚ್ಚಿನ ಪ್ರಮಾಣಕ್ಕೆ ಅಧಿಕಾರಿಯು ಒಪ್ಪಿಗೆ ಕೊಡಬಹುದು.

ಇಲ್ಲಿ ಬಹಳ ಜನರು ತಪ್ಪುವ ಅಂಶವೊಂದಿದೆ. ನಿಯಮವು ಹೇಳುವುದು ಪ್ರಯಾಣಿಕನ ಸ್ವಂತ ಔಷಧವನ್ನು ಕುರಿತು. ಊರಿಗೆ ಬರುವ ಮಗನು ತನ್ನ ಪೆಟ್ಟಿಗೆಯಲ್ಲಿ ತಾಯಿಯ ಔಷಧವನ್ನು ತಂದರೆ, ಪೆಟ್ಟಿಗೆ ಅವನದಾದರೂ ಔಷಧ ಅವನದಲ್ಲ. ಸದುದ್ದೇಶವಿದ್ದ ಮಾತ್ರಕ್ಕೆ ಅದು ಮೊದಲ ದಾರಿಯೊಳಗೆ ಬರುವುದಿಲ್ಲ.

ಎರಡನೆಯದು ಪರವಾನಿಗೆಯ ದಾರಿ. ಪ್ರಯಾಣಿಕನ ಸಾಮಾನಿನೊಂದಿಗೆ ಬಾರದೆ ಅಂಚೆಯಿಂದಲೋ ಕೊರಿಯರ್ ಮೂಲಕವೋ ಬರುವ ಸ್ವಂತ ಬಳಕೆಯ ಔಷಧಕ್ಕೆ ಇದೇ ದಾರಿ. ರೋಗಿಯು ನಮೂನೆ 12ಎ ಎಂಬ ಅರ್ಜಿಯನ್ನು ಸಲ್ಲಿಸಬೇಕು. ಔಷಧವು ನಿಜವಾಗಿಯೂ ಸ್ವಂತ ಬಳಕೆಗೆಂದೂ, ಪ್ರಮಾಣ ಯುಕ್ತವಾಗಿದೆಯೆಂದೂ, ನೋಂದಾಯಿತ ವೈದ್ಯರ ಚೀಟಿಯ ಆಧಾರ ಇದೆಯೆಂದೂ ಅಧಿಕಾರಿಗೆ ಮನವರಿಕೆಯಾದರೆ ನಮೂನೆ 12ಬಿ ಎಂಬ ಪರವಾನಿಗೆ ದೊರೆಯುತ್ತದೆ. ಇಲ್ಲಿ ನೂರು ಡೋಸುಗಳ ಲೆಕ್ಕವಿಲ್ಲ. ವೈದ್ಯರ ಚೀಟಿಯೂ ಅಧಿಕಾರಿಯ ವಿವೇಚನೆಯೂ ಅಳತೆಗೋಲು.

ಪರವಾನಿಗೆ ಪಡೆಯುವ ಕ್ರಮ

ಒಂದು ದೃಷ್ಟಾಂತದಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಬನಹಟ್ಟಿಯ ನೇಕಾರ ಮನೆತನವೊಂದರಲ್ಲಿ ತಾಯಿಯೊಬ್ಬಳಿಗೆ ಅಪರೂಪದ ಬೇನೆಯಿದೆಯೆಂದು ಭಾವಿಸೋಣ. ಅವಳಿಗೆ ಬೇಕಾದ ಔಷಧ ಭಾರತದ ಅಂಗಡಿಗಳಲ್ಲಿಲ್ಲ. ಮಗನಿರುವ ದೇಶದಲ್ಲಿ ಇದೆ. ಮಗನು ಔಷಧವನ್ನು ಕೊಂಡು ಅಂಚೆಗೆ ಹಾಕುವುದು ಮೊದಲ ಕೆಲಸವೆಂದು ತೋರಬಹುದು. ವಾಸ್ತವದಲ್ಲಿ ಅದು ಕೊನೆಯ ಕೆಲಸ.

ಮೊದಲ ಕೆಲಸ ವೈದ್ಯರ ಚೀಟಿ. ಚೀಟಿಯನ್ನು ಭಾರತದಲ್ಲಿ ನೋಂದಾಯಿತರಾದ ವೈದ್ಯರು ಬರೆದಿರಬೇಕು. ಮಗನ ಊರಿನ ವೈದ್ಯರು ಎಷ್ಟೇ ಪ್ರಸಿದ್ಧರಾಗಿದ್ದರೂ ಅವರ ಚೀಟಿಯೊಂದೇ ಸಾಲದು. ಅದರಲ್ಲಿ ರೋಗಿಯ ಪೂರ್ಣ ಹೆಸರು, ಔಷಧದ ಮೂಲ ಹೆಸರು, ಅದರ ಶಕ್ತಿ, ದಿನಕ್ಕೆ ಎಷ್ಟು, ಎಷ್ಟು ಕಾಲ ಎಂಬುದೆಲ್ಲ ಓದಲು ಬರುವಂತೆ ಇರುವುದು ಒಳ್ಳೆಯದು. ಅರ್ಜಿಯಲ್ಲಿ ಕೇಳುವ ಪ್ರಮಾಣವೂ ಚೀಟಿಯ ಲೆಕ್ಕವೂ ಒಂದೇ ಆಗಿರಬೇಕು. ದಿನಕ್ಕೊಂದು ಗುಳಿಗೆಯಂತೆ ಮೂರು ತಿಂಗಳಿಗೆ ಬರೆದ ಚೀಟಿಗೆ ತೊಂಬತ್ತು ಗುಳಿಗೆಗಳು ಸರಿ. ಐದುನೂರು ಕೇಳಿದರೆ ಸ್ವಂತ ಬಳಕೆಯ ಮಾತು ಸಂಶಯಕ್ಕೆ ಎಡೆಮಾಡುತ್ತದೆ.

ಎರಡನೆಯ ಕೆಲಸ ಅರ್ಜಿ. ಈ ಪರವಾನಿಗೆಯನ್ನು ತಾಲೂಕು ವೈದ್ಯಾಧಿಕಾರಿಗಳಾಗಲಿ ಅಂಚೆ ಮಾಸ್ತರರಾಗಲಿ ಕೊಡಲಾರರು. ಇದು ಕೇಂದ್ರ ಸರ್ಕಾರದ ವಿಷಯ. ಭಾರತದ ಔಷಧ ಮಹಾನಿಯಂತ್ರಕರು ಮುಖ್ಯಸ್ಥರಾಗಿರುವ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಇದನ್ನು ನೀಡುತ್ತದೆ. ಅರ್ಜಿಯನ್ನು ಆ ಸಂಸ್ಥೆಯ ‘ಸುಗಮ್’ ಎಂಬ ಗಣಕ ವ್ಯವಸ್ಥೆಯ ಮೂಲಕ ಊರಿನಿಂದಲೇ ಸಲ್ಲಿಸಬಹುದು. ಗಣಕದ ಬಳಕೆ ಅರಿಯದ ಹಿರಿಯರಿಗೆ ಇಂಥಲ್ಲಿ ಓದುಬರಹ ಬಲ್ಲವರ ನೆರವು ಬೇಕಾಗುತ್ತದೆ. ಊರಿನ ಶಿಕ್ಷಕರೊಬ್ಬರು ಒಂದು ಗಂಟೆ ಜೊತೆಗೆ ಕುಳಿತರೆ ಒಂದು ಮನೆಯ ಚಿಂತೆ ಕಳೆಯುತ್ತದೆ.

ಮೂರನೆಯ ಕೆಲಸವೇ ಅಂಚೆ. ಪರವಾನಿಗೆ ಕೈಸೇರಿದ ಬಳಿಕ ಅದರ ಪ್ರತಿಯನ್ನು ಮಗನಿಗೆ ಕಳಿಸಿ, ಅನಂತರವೇ ಔಷಧವನ್ನು ರವಾನಿಸಬೇಕು. ಕಟ್ಟಿನೊಳಗೆ ಪರವಾನಿಗೆಯ ಪ್ರತಿ, ಚೀಟಿಯ ಪ್ರತಿ ಹಾಗೂ ಔಷಧ ಕೊಂಡ ಬಿಲ್ಲು ಇರಬೇಕು. ಗುಳಿಗೆಗಳನ್ನು ಮೂಲ ಪೊಟ್ಟಣದಿಂದ ಬಿಡಿಸಿ ಡಬ್ಬಿಗೆ ಸುರಿಯುವ ರೂಢಿ ಸರಿಯಲ್ಲ. ಹೆಸರಿಲ್ಲದ ಗುಳಿಗೆಯನ್ನು ಯಾವ ಅಧಿಕಾರಿಯೂ ಗುರುತಿಸಲಾರನು. ಪರವಾನಿಗೆಗೆ ಅವಧಿಯೂ ಉಂಟು. ಅದರೊಳಗೇ ಔಷಧ ಬಂದು ತಲುಪಬೇಕು.

ಸೀಮಾ ಸುಂಕ

ಹೊರದೇಶದ ಅಂಚೆಯು ನೇರವಾಗಿ ಜಮಖಂಡಿಗೆ ಬರುವುದಿಲ್ಲ. ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ ಮೊದಲಾದ ನಗರಗಳ ವಿದೇಶೀ ಅಂಚೆ ಕಚೇರಿಗಳಲ್ಲಿ ಕಸ್ಟಮ್ಸ್ ತಪಾಸಣೆಯಾಗಿ ಆಮೇಲೆ ಒಳನಾಡಿಗೆ ಬರುತ್ತದೆ. ಪರವಾನಿಗೆ ಬೇರೆ, ಸುಂಕ ಬೇರೆ ಎಂಬುದನ್ನು ಮರೆಯಬಾರದು. ಪರವಾನಿಗೆಯು ಔಷಧವನ್ನು ಒಳಗೆ ಬಿಡಲು ಒಪ್ಪುತ್ತದೆ. ಸುಂಕದ ಲೆಕ್ಕ ಅದರಿಂದ ತೀರುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ತಿಳಿಸಿದಂತೆ ಸಾಮಾನ್ಯವಾಗಿ ಔಷಧಗಳ ಮೇಲೆ ಮೂಲ ಸೀಮಾ ಸುಂಕ ಶೇಕಡಾ 10. ಕೆಲವು ಜೀವರಕ್ಷಕ ಔಷಧಗಳಿಗೆ ಶೇಕಡಾ 5 ಅಥವಾ ಸುಂಕವೇ ಇಲ್ಲ.

2019ರ ಡಿಸೆಂಬರ್ 12ರಂದು ಸರ್ಕಾರವು ಅಂಚೆ ಹಾಗೂ ಕೊರಿಯರ್ ಮೂಲಕ ‘ಉಡುಗೊರೆ’ಯೆಂದು ಸುಂಕವಿಲ್ಲದೆ ಬರುತ್ತಿದ್ದ ವಸ್ತುಗಳನ್ನು ತಡೆಯಿತು. ಆಗ ಎರಡಕ್ಕೆ ಮಾತ್ರ ವಿನಾಯಿತಿ ದೊರೆಯಿತು: ಒಂದು ಜೀವರಕ್ಷಕ ಔಷಧ, ಇನ್ನೊಂದು ಸೋದರಿಯರು ಕಳಿಸುವ ರಾಖಿ. ಆದರೆ ಈ ವಿನಾಯಿತಿಯು 36ನೆಯ ನಿಯಮವನ್ನು ರದ್ದು ಮಾಡುವುದಿಲ್ಲ. ಔಷಧದ ಕಟ್ಟಿನ ಮೇಲೆ ‘ಉಡುಗೊರೆ’ ಎಂದು ಬರೆದು ಪರವಾನಿಗೆ ತಪ್ಪಿಸಿಕೊಳ್ಳಬಹುದೆಂಬ ಎಣಿಕೆ ತಪ್ಪು.

ಅಪರೂಪದ ರೋಗಗಳ ಮಕ್ಕಳು

ಈ ನಿಯಮಗಳು ಅಕ್ಷರಶಃ ಜೀವನ್ಮರಣದ ಪ್ರಶ್ನೆಯಾಗುವುದು ಅಪರೂಪದ ಅನುವಂಶೀಯ ರೋಗಗಳಲ್ಲಿ. ಗೋಶೆ, ಪಾಂಪೆ, ಬೆನ್ನುಹುರಿಯ ಸ್ನಾಯುಕ್ಷಯ ಮೊದಲಾದವು ತಂದೆತಾಯಿ ಇಬ್ಬರಲ್ಲಿಯೂ ಅಡಗಿದ್ದ ದೋಷವು ಮಗುವಿನಲ್ಲಿ ಕೂಡಿದಾಗ ಕಾಣಿಸಿಕೊಳ್ಳುವ ರೋಗಗಳು. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಮದುವೆಯಾಗುವ ರೂಢಿ ಇರುವ ಉತ್ತರ ಕರ್ನಾಟಕದಲ್ಲಿ ಇಂಥ ರೋಗಗಳ ಸಂಭವ ಹೆಚ್ಚೆಂಬುದನ್ನು ಮನೆತನಗಳು ಅರಿತಿರಬೇಕು. ಹತ್ತು ಕಿಲೋ ತೂಕದ ಮಗುವಿಗೆ ಕೆಲವು ಅಪರೂಪದ ರೋಗಗಳ ಚಿಕಿತ್ಸೆಗೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿಗೂ ಮೀರಿ ತಗಲಬಹುದೆಂದು ಸರ್ಕಾರವೇ ಹೇಳಿದೆ. ಅಂಥಲ್ಲಿ ಶೇಕಡಾ ಹತ್ತರ ಸುಂಕವೂ ಲಕ್ಷಗಳ ಹೊರೆ.

ಈ ಹೊರೆಯನ್ನು ಇಳಿಸಲು 2023ರ ಏಪ್ರಿಲ್ 1ರಿಂದ, 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಲ್ಲಿ ಪಟ್ಟಿ ಮಾಡಿದ ರೋಗಗಳಿಗೆ ಸ್ವಂತ ಬಳಕೆಗಾಗಿ ತರಿಸುವ ಔಷಧ ಹಾಗೂ ವಿಶೇಷ ವೈದ್ಯಕೀಯ ಆಹಾರಕ್ಕೆ ಮೂಲ ಸೀಮಾ ಸುಂಕವನ್ನು ಪೂರ್ಣವಾಗಿ ಮನ್ನಾ ಮಾಡಲಾಯಿತು. ಇದಕ್ಕೆ ಕೇಂದ್ರದ ಅಥವಾ ರಾಜ್ಯದ ಆರೋಗ್ಯ ಸೇವಾ ನಿರ್ದೇಶಕರ ಇಲ್ಲವೆ ಜಿಲ್ಲಾ ವೈದ್ಯಾಧಿಕಾರಿಗಳ ಪ್ರಮಾಣಪತ್ರ ಬೇಕು. ಎಂದರೆ ಬೀಳಗಿಯ ತಂದೆಯು ಈ ಒಂದು ಪತ್ರಕ್ಕೆ ಬಾಗಲಕೋಟೆಯವರೆಗೆ ಹೋದರೆ ಸಾಕು. ರೋಗನಿರ್ಣಯಕ್ಕೆ ಮತ್ತು ನೀತಿಯಡಿಯ ಧನಸಹಾಯಕ್ಕೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಕೂಡಿ ನಡೆಸುವ ಉತ್ಕೃಷ್ಟತಾ ಕೇಂದ್ರವಿದೆ. ಈ ಸಹಾಯದ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು.

ಇಂಥ ಔಷಧಗಳಲ್ಲಿ ಕೆಲವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಯೇ ಇಡಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾಗದಪತ್ರದ ಕೊರತೆಯಿಂದ ಒಂದು ವಾರ ನಿಂತ ಔಷಧವು ಕೊನೆಗೆ ಕೈಸೇರಿದರೂ ಸತ್ವ ಕಳೆದುಕೊಂಡಿರಬಹುದು. ಇಲ್ಲಿ ಕಾಗದವೇ ಔಷಧದ ಅರ್ಧ ಭಾಗ.

ಮಾಡಬಾರದ್ದು

ಮಾದಕ ದ್ರವ್ಯ ಹಾಗೂ ಮನೋಪರಿಣಾಮಕ ವಸ್ತುಗಳ ವರ್ಗಕ್ಕೆ ಸೇರಿದ ಔಷಧಗಳಿಗೆ 1985ರ ಪ್ರತ್ಯೇಕ ಕಾಯದೆಯಿದೆ. ಅವುಗಳ ಆಮದಿನ ಪ್ರಮಾಣಪತ್ರವು ಗ್ವಾಲಿಯರಿನಲ್ಲಿರುವ ಮಾದಕ ದ್ರವ್ಯ ಆಯುಕ್ತರ ಅಧಿಕಾರಕ್ಕೆ ಸೇರಿದ್ದು. ಮಾರ್ಫಿನ್‌ನಂಥ ನೋವುಶಾಮಕ, ಅಮೆರಿಕದಲ್ಲಿ ಚಂಚಲ ಚಿತ್ತದ ಮಕ್ಕಳಿಗೆ ಬರೆದುಕೊಡುವ ಆಂಫೆಟಮೈನ್ ಮುಂತಾದವುಗಳನ್ನು ಸಾಮಾನ್ಯ ಗುಳಿಗೆಗಳಂತೆ ಅಂಚೆಗೆ ಹಾಕಿದರೆ ಕಳಿಸಿದವರಿಗೂ ಪಡೆಯುವವರಿಗೂ ಅಪಾಯ ತಪ್ಪಿದ್ದಲ್ಲ.

ಇಲ್ಲಿಂದ ಹೊರದೇಶಕ್ಕೆ ಔಷಧ ಕಳಿಸುವವರೂ ಆಯಾ ದೇಶದ ಕಟ್ಟಳೆಯನ್ನು ಅರಿಯಬೇಕು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ತಂದೆತಾಯಿಗಳು ಸಾಮಾನ್ಯವಾಗಿ ತೊಂಬತ್ತು ದಿನಗಳ ಔಷಧವನ್ನು ವೈದ್ಯರ ಚೀಟಿಯೊಡನೆ ಒಯ್ಯಬಹುದು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಕೊಡೀನ್, ಟ್ರಾಮಡಾಲ್ ಇರುವ ಔಷಧಗಳಿಗೆ ಪೂರ್ವಾನುಮತಿ ಬೇಕು. ಇಲ್ಲಿಯ ಕೆಮ್ಮಿನ ಔಷಧದ ಒಂದು ಬಾಟಲಿ ಅಲ್ಲಿ ಅಪರಾಧದ ವಸ್ತುವಾಗಬಹುದು.

ಮೊದಲು ಕೇಳಬೇಕಾದ ಪ್ರಶ್ನೆ

ಇಷ್ಟೆಲ್ಲ ತಿಳಿದ ಮೇಲೂ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ: ಈ ಔಷಧ ಇಲ್ಲಿಯೇ ಸಿಗುವುದಿಲ್ಲವೆ? ಹೊರದೇಶದ್ದೆಂದರೆ ಮೇಲು ಎಂಬ ಭ್ರಮೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಔಷಧದ ಹೊಸ ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನಿರಾಕರಿಸಿತು. ಅದೇ ಔಷಧವನ್ನು ಭಾರತೀಯ ಕಂಪನಿಗಳು ಹತ್ತನೆಯ ಒಂದು ಪಾಲಿಗೂ ಕಡಿಮೆ ಬೆಲೆಗೆ ತಯಾರಿಸುತ್ತಿದ್ದವು. ಪರದೇಶದವರೇ ಭಾರತದ ಗುಳಿಗೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಿರುವಾಗ, ಹೆಸರು ಬೇರೆಯಾದರೂ ಸತ್ವ ಒಂದೇ ಆದ ಔಷಧ ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ದೊರೆಯುವುದೇ ಎಂದು ವೈದ್ಯರನ್ನು ವಿಚಾರಿಸುವುದು ಜಾಣತನ.

ದೊರೆಯದಿದ್ದಾಗ ಮಾತ್ರ ಕಡಲಾಚೆಗೆ ಕೈಚಾಚಬೇಕು. ಆಗಲೂ ಕ್ರಮ ಒಂದೇ: ಮೊದಲು ಚೀಟಿ, ಆಮೇಲೆ ಪರವಾನಿಗೆ, ಕೊನೆಗೆ ಕಟ್ಟು. ಈ ಕ್ರಮವನ್ನು ತಿರುವುಮುರುವು ಮಾಡಿದವರ ಔಷಧವು ವಿದೇಶೀ ಅಂಚೆ ಕಚೇರಿಯಲ್ಲಿ ಉಳಿಯುತ್ತದೆ. ಕ್ರಮವನ್ನು ಪಾಲಿಸಿದವರ ಔಷಧವು ರೋಗಿಯ ಹಾಸಿಗೆಯ ಬಳಿಗೆ ಬರುತ್ತದೆ. ಈ ನಾಲ್ಕು ತಾಲೂಕುಗಳಿಂದ ದೂರ ಹೋಗಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಕಟ್ಟನ್ನು ಕಟ್ಟುವ ಮೊದಲು, ಇಲ್ಲಿಯೇ ಉಳಿದ ಶಿಕ್ಷಕರು ಅರ್ಜಿಯನ್ನು ತುಂಬಿಕೊಡುವಾಗ, ಈ ಸರಳ ಕ್ರಮವನ್ನು ನೆನಪಿಡಬೇಕು.