ಟಿ.ಸಿ. ತರುವ ಮೊದಲು

ನೋಡಮ್ಮ, ಹುಡುಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇವೆ ಅಂತ ನೀವಿಬ್ಬರೂ ಹೇಳಿದಾಗಿನಿಂದ ನಿಮ್ಮ ಮಾವನವರು ಮುಖ ಕೊಟ್ಟು ಮಾತಾಡುತ್ತಿಲ್ಲವಂತೆ. ಬೇಸರ ಮಾಡಿಕೊಳ್ಳಬೇಡ. ಅವರ ತಂದೆ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಗೆ ಇಳಿದವರು. ಗಣಿ ಕಾರ್ಮಿಕರ ಆ ಲೈನ್ ಮನೆಗಳಲ್ಲಿ ಮಗ ಸ್ಲೇಟು ಹಿಡಿದು ಶಾಲೆಗೆ ಹೊರಟ ಅಂದರೆ, ಮುಂದೆ ಇವನು ಶಾಫ್ಟಿಗೆ ಇಳಿಯಬೇಕಾಗಿಲ್ಲ ಅಂತ ಹೆತ್ತವರಿಗೆ ಸಮಾಧಾನ. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಬಿ.ಜಿ.ಎಂ.ಎಲ್. ಕಂಪನಿ ಬಾಗಿಲು ಹಾಕಿದ ಮೇಲಂತೂ ಎಷ್ಟೋ ಮನೆಗಳಿಗೆ ಉಳಿದ ಆಸ್ತಿ ಮಕ್ಕಳ ಓದೊಂದೇ. ಅಂಥವರ ಕಿವಿಗೆ ‘ಶಾಲೆ ಬೇಡ’ ಅನ್ನುವ ಮಾತು ಹೇಗೆ ಬಿದ್ದಿರಬೇಕು, ಯೋಚಿಸು.

ಹಾಗಂತ ನಾನು ಅವರ ಪಕ್ಷ ಅಂದುಕೊಳ್ಳಬೇಡ. ಮನೆಯಲ್ಲಿ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಎಳವೆಯಲ್ಲಿ ಮನೆಯಲ್ಲೇ ಪಾಠ ಮಾಡಿಸಿದರು. ಅವರ ಮಗ ಉಲ್ಲಾಸ ಕಾರಂತರು ಮುಂದೆ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಹೆಸರಾದರು. ಆದರೆ ಅದು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಅನ್ನುವ ವಿಶ್ವಕೋಶವನ್ನೇ ಬರೆದವರ ಮನೆ. ನಿಮ್ಮ ಮನೆಯ ಲೆಕ್ಕ ಬೇರೆ. ಅಳಿಯಂದಿರು ಕತ್ತಲಿರುವಾಗಲೇ ಊರಿಗಾಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವವರು. ಅವರು ಮನೆ ಸೇರುವಾಗ ಹುಡುಗನಿಗೆ ಅರ್ಧ ನಿದ್ದೆಯಾಗಿರುತ್ತದೆ. ಹಬ್ಬ ಬಂತೆಂದರೆ ಹೊಲಿಗೆ ಮೆಷಿನ್ ಬಿಟ್ಟು ಊಟಕ್ಕೇಳಲೂ ನಿನಗೆ ಬಿಡುವಿಲ್ಲ. ಫೀಸು ಎಷ್ಟು ಉಳಿಯುತ್ತದೆ, ವ್ಯಾನಿನ ದುಡ್ಡು ಎಷ್ಟು ಉಳಿಯುತ್ತದೆ, ಯಾವ ಆ್ಯಪ್ ಹಾಕಿಸಬೇಕು ಎಲ್ಲ ಲೆಕ್ಕ ಹಾಕಿದ್ದೀರಿ. ದಿನಾ ಮೂರು ಗಂಟೆ ಹುಡುಗನ ಪಕ್ಕ ಕೂರುವವರು ಯಾರು ಅನ್ನುವುದನ್ನು ಮಾತ್ರ ಬರೆದಿಲ್ಲ. ಮೊಬೈಲ್ ಕೈಗೆ ಕೊಟ್ಟು ಒಳಗೆ ಹೋಗುವುದಕ್ಕೆ ಹೋಮ್ ಸ್ಕೂಲಿಂಗ್ ಅನ್ನಬೇಡ.

ಇನ್ನೊಂದು. ವ್ಯಾನ್ ಬರುವ ಹೊತ್ತಿಗೆ ಅವನಿಗೆ ಹೊಟ್ಟೆನೋವು ಬರುತ್ತದೆ ಅಂದೆ. ಅದು ಶಾಲೆಯ ಭಯವೋ, ಆ ಒಂದು ತರಗತಿಯ ಭಯವೋ ಮೊದಲು ತಿಳಿದುಕೋ. ಎರಡನೆಯದಾದರೆ ಶಾಲೆ ಬದಲಿಸಿದರೆ ಸಾಕು.

ಕಾನೂನಿನ ಮಾತೂ ತಿಳಿದಿರಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದಿದ್ದರೆ ಹೆತ್ತವರಿಗೆ ಶಿಕ್ಷೆ ಅಂತ ಅದರಲ್ಲಿಲ್ಲ. ಮನೆಯಲ್ಲಿ ಓದಿಸಬಹುದು ಅಂತಲೂ ಬರೆದಿಲ್ಲ. ಹಾಗಾಗಿ ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿ ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಜಗಳಕ್ಕೆ ನಿಲ್ಲಬೇಡ. ಅವನು ಬರೆದ ನೋಟ್‌ಬುಕ್ಕು, ಓದಿದ ಪುಸ್ತಕಗಳ ಪಟ್ಟಿ ತೆಗೆದು ತೋರಿಸು. ಮನಸ್ಸು ಬದಲಾದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆಯ 4ನೇ ಕಲಮು ಹೇಳುತ್ತದೆ. ವಾಪಸ್ ಹೋಗುವ ದಾರಿ ಮುಚ್ಚಿಲ್ಲ, ನೆನಪಿರಲಿ.

ಹತ್ತನೇ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್ ಅನ್ನುತ್ತಾರಲ್ಲ, ಅದಿದೆ. 14 ತುಂಬಿದವರು ನೇರವಾಗಿ ಹೆಸರು ನೋಂದಾಯಿಸಬಹುದು. ಐದು ವಿಷಯ ಪಾಸಾದರೆ ಸಾಕು, ಒಂದೇ ಸಲಕ್ಕೆ ಎಲ್ಲ ಬರೆಯಬೇಕೆಂದೂ ಇಲ್ಲ. ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಲೂ ಅವಕಾಶವುಂಟು. ಇಲ್ಲೇ ಎಷ್ಟೋ ಜನ ಜಾರುವುದು. ಹುಡುಗ ಮುಂದೆ ಪಿಯುಸಿಗೆ ಸೈನ್ಸ್ ಬೇಕು ಅಂದರೆ ಏನು ಮಾಡುತ್ತೀ? ಗಣಿತ, ವಿಜ್ಞಾನ ಬಿಡಿಸಬೇಡ.

ಇಷ್ಟಾಗಿಯೂ ಮನೆಯಲ್ಲೇ ಕಲಿಸುವವರಿಗೆ ಕೆ.ಜಿ.ಎಫ್. ಒಳ್ಳೆಯ ಊರಮ್ಮ. ಪೆದ್ದಪಲ್ಲಿಯ ಹತ್ತಿರದ ಲಾವಾ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ನೀರಿನೊಳಗೆ ಉಕ್ಕಿದ ಲಾವಾ ದಿಂಬಿನಂತೆ ಉಬ್ಬಿ ಗಟ್ಟಿಯಾದದ್ದು. ಒಂದು ಭಾನುವಾರ ಅಪ್ಪನೇ ಕರೆದುಕೊಂಡು ಹೋಗಲಿ. 1902ರಲ್ಲಿ ಶಿವನಸಮುದ್ರದ ಕರೆಂಟು ಈ ಗಣಿಗಳಿಗೆ ಹೇಗೆ ಬಂತು ಅಂತ ಭೂಪಟ ಬಿಚ್ಚಿ ದಾರಿ ಎಳೆಸು. 1965ರಲ್ಲಿ ಇದೇ ಚಾಂಪಿಯನ್ ರೀಫ್ಸಿನ ಆಳದಲ್ಲಿ ಕೂತು ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಪತ್ತೆ ಹಚ್ಚಿದ್ದನ್ನು ಹೇಳು. ಮುತ್ತಾತ ಇಳಿದ ಗಣಿ ಅಂದರೆ ಅವನು ಕಣ್ಣರಳಿಸಿ ಕೇಳುತ್ತಾನೆ. ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳನ್ನು ಮಾತ್ರ ದೂರದಿಂದ ತೋರಿಸು. ಗಾಳಿ ಬೀಸುವ ದಿನ ಅತ್ತ ಸುಳಿಯಲೇ ಬೇಡ.

ಮನೆಯಲ್ಲಿ ನೀವು ತೆಲುಗು ಆಡುವವರು, ಬೀದಿಯಲ್ಲಿ ತಮಿಳು. ಮಾತು ಅವನಿಗೆ ತಾನಾಗಿ ಬರುತ್ತದೆ, ಕನ್ನಡದ ಓದು ಬರಹ ತಾನಾಗಿ ಬರುವುದಿಲ್ಲ. ದಿನಾ ಒಂದು ಪುಟ ಕನ್ನಡ ಗಟ್ಟಿಯಾಗಿ ಓದಿಸು. ಸಂಜೆ ಐದಕ್ಕೆ ಬೀದಿಯ ಹುಡುಗರ ಜೊತೆ ಆಟಕ್ಕೆ ಬಿಡು; ಓದು ಮುಗಿದಿಲ್ಲ ಅಂತ ತಡೆಯಬೇಡ. ಶಾಲೆ ಬಿಟ್ಟ ಹುಡುಗನಿಗೆ ಪಾಠಕ್ಕಿಂತ ಮೊದಲು ತಪ್ಪುವುದು ಜೊತೆಗಾರರು.

ನನ್ನ ಮಾತು ಇಷ್ಟೇ: ಈಗಲೇ ಟಿ.ಸಿ. ತರಬೇಡ. ಬೇಸಿಗೆ ರಜೆ ಬರುತ್ತದಲ್ಲ, ಆ ರಜೆಯಲ್ಲಿ ದಿನಾ ಬೆಳಿಗ್ಗೆ ಮೆಷಿನ್ ಮುಚ್ಚಿಟ್ಟು ಮೂರು ಗಂಟೆ ಅವನ ಜೊತೆ ಕೂತು ನೋಡು. ಭಾನುವಾರ ಅಳಿಯಂದಿರು ಕೂರಲಿ. ರಜೆ ಮುಗಿಯುವವರೆಗೆ ನಿಮ್ಮಿಬ್ಬರಿಗೂ ಅದು ಸಾಗಿದರೆ, ಮಾವನವರ ಹತ್ತಿರ ನಾನೇ ಬಂದು ಮಾತಾಡುತ್ತೇನೆ. ಸಾಗದಿದ್ದರೆ ಜೂನ್‌ನಲ್ಲಿ ಹುಡುಗನನ್ನು ಬೇರೊಂದು ಒಳ್ಳೆಯ ಶಾಲೆಗೆ ಸೇರಿಸಿಬಿಡು.